ಸೀನು ಕಡಿಮೆಯಾಯಿತು ಎಂದವರು

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ನಾನು ನುಂಗಂಬಾಕ್ಕಂನ ಒಂದು ಅಲರ್ಜಿ ಕ್ಲಿನಿಕ್ಕಿನಲ್ಲಿ ಸಂಶೋಧನಾ ಸಹಾಯಕಿಯಾಗಿದ್ದೆ. ಡಾಕ್ಟರು ಹುಬ್ಬಳ್ಳಿ ಕಡೆಯವರು, ರೈಲ್ವೆಯವರ ಮಗಳು. ಹಾಸಿಗೆಯ ಧೂಳಿನಿಂದ ಸೀನುವವರ ಹಾಸಿಗೆಗೆ ಬಿಗಿಯಾದ ಕವರ್ ಹಾಕಿಸಿದರೆ ಸೀನು ನಿಲ್ಲುತ್ತದೆಯೇ ಎಂಬುದು ನಮ್ಮ ಅಧ್ಯಯನ. ಕವರು ಮಾಡುವ ಕಂಪನಿಯೇ ಅವನ್ನು ಪುಕ್ಕಟೆ ಕೊಟ್ಟಿತ್ತು. ರೋಗಿಗಳೆಲ್ಲ ಬಹಳ ಗುಣ ಎಂದರು. ಹಿಗ್ಗಿ ಒಂದು ವೈದ್ಯಕೀಯ ಪತ್ರಿಕೆಗೆ ಲೇಖನ ಕಳಿಸಿದೆವು.

ಪತ್ರಿಕೆಯಿಂದ ಒಂದು ಫಾರ್ಮ್ ಬಂತು. ಖರ್ಚು ಯಾರದು? ಕಂಪನಿಯಿಂದ ಲೇಖಕರಿಗಾಗಲಿ ಅವರ ಮನೆಯವರಿಗಾಗಲಿ ಏನಾದರೂ ಸಂದಿದೆಯೇ?

"ಕವರ್ ಅವರು ಕೊಟ್ಟಾರ ಅಂತ ಬರಿ. ನಮಗೇನೂ ಕೊಟ್ಟಿಲ್ಲ ಅಂತನೂ ಬರಿ," ಎಂದರು ಡಾಕ್ಟರು.

ನನ್ನ ಕೈಲಿದ್ದ ಪೆನ್ನಿನ ಮೇಲೆ ಕಂಪನಿಯ ಹೆಸರಿತ್ತು. ತೋರಿಸಿದೆ. ಅವರು ತಮ್ಮ ಪೆನ್ನು ಕೊಟ್ಟರು. ಅದರ ಮೇಲೂ ಇತ್ತು. ಇಬ್ಬರೂ ತಲೆಯೆತ್ತಿ ಗೋಡೆ ಗಡಿಯಾರ ನೋಡಿದೆವು.

"ಅದನ್ನೂ ಬರಿ," ಎಂದರು ಸಣ್ಣ ದನಿಯಲ್ಲಿ.

ಈಗ ನಾನೂ ಬಾಯಿಬಿಡಲೇಬೇಕಾಯಿತು. "ಮೇಡಮ್, ಹನ್ನೊಂದನೇ ಪೇಷಂಟು ನಮ್ಮಮ್ಮ."

"ಏನಂದಿ?"

ಅವರು ರಜೆಯಲ್ಲಿದ್ದಾಗ, ರೋಗಿಗಳು ಸಾಲದೆ, ಅಮ್ಮನನ್ನು ಸೇರಿಸಿದ್ದೆ. ಅವಳಿಗೆ ಅಲರ್ಜಿಯೇನೋ ನಿಜವಾಗಿಯೂ ಇತ್ತು. ನನ್ನ ತಾಯಿ ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ.

ಸಂಜೆ ಬೆಸೆಂಟ್ ನಗರದ ಮನೆಗೆ ಹೋದವಳೇ ಅಮ್ಮನನ್ನು ಕೇಳಿದೆ. "ನಿಜ ಹೇಳು, ನಿನಗೆ ಸೀನು ಕಡಿಮೆ ಆಯ್ತಾ?"

"ಎಲ್ಲಿ ಕಡಿಮೆ? ಬೆಳಿಗ್ಗೆ ಎದ್ದರೆ ಅದೇ ಸೀನು, ಅದೇ ಮೂಗು. ಆದರೆ ಪಾವಂ, ಆ ಕಂಪನಿ ಮನುಷ್ಯ ಮೂರು ಮಹಡಿ ಹತ್ತಿ ಬಂದು ತಾನೇ ಕವರ್ ಹಾಕಿಕೊಟ್ಟ. ಬಿಟ್ಟಿ ಕೊಟ್ಟೋರ ಹತ್ರ ಗುಣ ಇಲ್ಲ ಅನ್ನಕ್ಕಾಗತ್ತೇನೇ?"

ಮರುದಿನ ಇದನ್ನು ಕೇಳಿದ ಡಾಕ್ಟರು ರೋಗಿಗಳ ಪಟ್ಟಿ ತೆಗೆದು ನನ್ನ ಮುಂದಿಟ್ಟರು. ಆಮೇಲೆ, "ಉಳಿದವರೂ ಹಿಂಗ ಹೇಳ್ಯಾರೇನು? ಎಲ್ಲಾರಿಗೂ ಫೋನ್ ಹಚ್ಚು," ಎಂದರು.

ಹಚ್ಚಿದೆ. ಮಾಧವರಂನ ಒಬ್ಬ ನಿವೃತ್ತ ಯಜಮಾನರು, ಮರ್ಯಾದೆಗೆ ಹಾಗಂದೆನಮ್ಮಾ ಎಂದು ತಮಿಳಿನಲ್ಲಿ ಒಪ್ಪಿಕೊಂಡು, ಹಾಗೆನ್ನುತ್ತಲೇ ನಾಲ್ಕು ಸಲ ಸೀನಿದರು. ಇನ್ನೊಬ್ಬಾಕೆ ಕವರನ್ನು ಬಿಚ್ಚಿಯೇ ಇರಲಿಲ್ಲ. ಮಗಳ ಮದುವೆಗೆಂದು ಎತ್ತಿಟ್ಟಿದ್ದರು. ಕೆಲವರಿಗೆ ಮಾತ್ರ ನಿಜಕ್ಕೂ ಗುಣವಾಗಿತ್ತು.

ಡಾಕ್ಟರು ನನ್ನನ್ನು ಒಂದು ವಾರ ಬೈದರು, ಕೆಲಸದಿಂದ ತೆಗೆಯಲಿಲ್ಲ. ಲೇಖನ ವಾಪಸು ತರಿಸಿ, ಅಮ್ಮನನ್ನು ಕೈಬಿಟ್ಟು, ಎಲ್ಲವನ್ನೂ ಹೊಸದಾಗಿ ಬರೆದೆವು. ಅಚ್ಚಾದಾಗ ನಮ್ಮ ತೀರ್ಮಾನ ಎರಡೇ ಸಾಲು, ಯಾರಿಂದ ಏನು ಪಡೆದೆವೆಂಬ ಹೇಳಿಕೆ ಒಂಬತ್ತು ಸಾಲು. ಅಮ್ಮ ಅದನ್ನು ಬೆರಳಿಟ್ಟು ಓದಿಸಿಕೊಂಡು, "ಇಷ್ಟು ಬರೆದವರು ನನ್ನನ್ನ ಯಾಕೆ ತೆಗೆದ್ರಿ?" ಎಂದು ಮುನಿಸಿಕೊಂಡಳು.