ಇಕಾಮಾದಲ್ಲಿ ಉಳಿದಿದ್ದ ಎರಡು ತಿಂಗಳು

ಕುವೈತಿನ ಖೈತಾನ್ ಪ್ರದೇಶದ ಒಂದು ಟ್ರಾವೆಲ್ ಆಫೀಸಿನಲ್ಲಿ ಕೂತು ಹದಿನೇಳು ವರ್ಷಗಳಿಂದ ಬೇರೆಯವರ ವೀಸಾ ಅರ್ಜಿ ತುಂಬುತ್ತಿದ್ದೇನೆ. ಯೂರೋಪಿಗೆ ಹೊರಟ ನಮ್ಮವರು ಯಾರೇ ಬರಲಿ, ಟಿಕೆಟ್ಟಿನ ಮಾತಿಗೂ ಮೊದಲು ನಾನು ಕೇಳುವುದು ಇಕಾಮಾ, ಅಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ಯಾವಾಗ ಮುಗಿಯುತ್ತದೆ ಎಂದು. ವಾಪಸು ಬರುವ ದಿನದಿಂದ ಮುಂದಕ್ಕೆ ಮೂರು ತಿಂಗಳಾದರೂ ಅದು ಇರಬೇಕು, ಇಲ್ಲದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಇದನ್ನು ನೋಡದೆ ಬಂದವರಿಗೆ ನಾನು ಚೆನ್ನಾಗಿಯೇ ಬೈದಿದ್ದೇನೆ.

ನನ್ನನ್ನು ಕುವೈತಿಗೆ ಕರೆತಂದವನು ಅಣ್ಣ. ಆಮೇಲೆ ಅವನು ಇಟಲಿಗೆ ಹೋಗಿ ಹೋಟೆಲೊಂದರ ಅಡುಗೆಮನೆ ಸೇರಿಕೊಂಡ. ಮದುವೆಯಾಗಲಿಲ್ಲ, ನನ್ನನ್ನು ಬಿಟ್ಟರೆ ಅವನಿಗೆ ಯಾರೂ ಇರಲಿಲ್ಲ. ಮಾರ್ಚಿನಲ್ಲಿ ಫೋನು ಮಾಡಿ, ಹೊಟ್ಟೆಯಲ್ಲಿ ಗಡ್ಡೆ ಉಂಟಂತೆ, ಒಮ್ಮೆ ಬಂದು ಹೋಗು ಎಂದ. ಆಗ ನನ್ನ ಇಕಾಮಾಕ್ಕೆ ಇನ್ನೂ ಆರು ತಿಂಗಳಿತ್ತು.

"ಈಗ ರಜೆಯ ಸೀಸನ್ ಅಣ್ಣ, ಬುಕಿಂಗ್ ಮುಗಿದ ಕೂಡ್ಲೆ ಬರ್ತೇನೆ" ಎಂದೆ.

ಜುಲೈಯಲ್ಲಿ ಡಾಕ್ಟರು ಕೈಚೆಲ್ಲಿದರು. ನನ್ನದೇ ಅರ್ಜಿ ತುಂಬಲು ಕೂತಾಗ ಇಕಾಮಾದ ತಾರೀಖು ಬರೆಯುವಲ್ಲಿ ಕೈ ನಿಂತಿತು. ಎರಡೇ ತಿಂಗಳು ಉಳಿದಿತ್ತು. ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರಲ್ಲ, ಹಾಗಾಯಿತು. ನಮ್ಮ ಕಫೀಲ್, ಅಂದರೆ ಇಕಾಮಾಕ್ಕೆ ಹೊಣೆಯಾದ ಇಲ್ಲಿನ ಮಾಲೀಕರು, ನವೀಕರಣಕ್ಕೆ ಸಹಿ ಹಾಕುವುದು ಪ್ರತಿ ವರ್ಷ ಅವಧಿ ಮುಗಿಯುವ ಕೊನೆಯ ವಾರದಲ್ಲೇ. ಅದಕ್ಕೆ ನಾವೆಲ್ಲ ಎಷ್ಟು ಒಗ್ಗಿದ್ದೇವೆಂದರೆ ತಾರೀಖು ನೋಡುವುದನ್ನೇ ಬಿಟ್ಟಿದ್ದೇವೆ. ಫೋನು ಮಾಡಿ ಬೇಡಿಕೊಂಡೆ. ಅವರು ಬೇಸಿಗೆ ಕಳೆಯಲು ಯೂರೋಪಿಗೇ ಹೋಗಿದ್ದರು. ಸೆಪ್ಟೆಂಬರಿನಲ್ಲಿ ಬಂದು ಮಾಡುತ್ತೇನೆ, ಖಲಾಸ್ ಎಂದು ಫೋನು ಇಟ್ಟರು.

ಅದೇ ವಾರ ಮಂಗಫ್ ಕಡೆಯ ರಿಫೈನರಿಯಲ್ಲಿ ಕೆಲಸ ಮಾಡುವ ಕೊರಿಯಾದ ಎಂಜಿನಿಯರ್ ಒಬ್ಬ ಬಂದ. ಹೆಂಡತಿಯ ಜೊತೆ ಇಟಲಿ ನೋಡಬೇಕು, ಏನೇನು ಬೇಕು ಎಂದು ಕೇಳಿದ. ಅವನು ಹೇಳಿದ್ದು ಅಣ್ಣ ಮಲಗಿದ್ದ ಊರನ್ನೇ. ನಾನು ಒಂದೇ ಉಸಿರಿಗೆ ಒದರಿದೆ: ಕೊರಿಯಾದವರಿಗೆ ವೀಸಾ ಬೇಡ, ನೂರ ಎಂಬತ್ತು ದಿನದಲ್ಲಿ ತೊಂಬತ್ತು ದಿನ ಇರಬಹುದು, ಅಲ್ಲಿಂದ ಹೊರಟ ಮೇಲೂ ಪಾಸ್‌ಪೋರ್ಟಿಗೆ ಮೂರು ತಿಂಗಳ ಆಯುಸ್ಸಿರಬೇಕು, ಗಡಿಯಲ್ಲಿ ಬೆರಳಚ್ಚು, ಫೋಟೊ ತೆಗೆದುಕೊಳ್ಳುತ್ತಾರೆ.

"ಬೆರಳಚ್ಚು ಬೇರೆ ಕೊಡಬೇಕಾ?" ಎಂದು ಮುಖ ಸಿಂಡರಿಸಿದ.

ಕೆನ್ನೆಗೊಂದು ಬಾರಿಸೋಣ ಅನ್ನಿಸಿತು. ಅವನೇನು ಮಾಡಿಯಾನು, ಪಾಪ. ನಾಚಿಕೆ ಬಿಟ್ಟು ಅಣ್ಣನ ವಿಷಯ ಹೇಳಿದಾಗ ಆಸ್ಪತ್ರೆಯ ವಿಳಾಸ ಬರೆದುಕೊಂಡ. ಮಾತಿನಂತೆ ಹೋಗಿಯೂ ಹೋದ, ಹಾಸಿಗೆಯ ಪಕ್ಕ ನಿಂತು ತನ್ನ ಫೋನಿನಿಂದಲೇ ನನಗೆ ವಿಡಿಯೊ ಕಾಲ್ ಮಾಡಿ ಅಣ್ಣನ ಮುಖಕ್ಕೆ ಹಿಡಿದ.

ಆ ಮುಖದಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿರಲಿಲ್ಲ. ನಾನು ಇಕಾಮಾ, ಕಫೀಲ್ ಎಂದು ಶುರು ಮಾಡಿದೆ. ಅಣ್ಣ ತಡೆದ.

"ಗುರ್ತ ಪರಿಚಯ ಇಲ್ಲದ ಈ ಜನ ಬಂದ. ಊರಿಗೆಲ್ಲ ವೀಸಾ ಮಾಡಿ ಕೊಡುವವ ನೀನು. ನಿನಗೆ ಸಿಗ್ಲಿಲ್ಲ ಅಂತ ನನ್ನ ಹತ್ರ ಹೇಳ್ಬೇಡ ಮಾರಾಯ. ಬರ್ಲಿಕ್ಕೆ ಮನಸ್ಸಿರ್ಲಿಲ್ಲ ಅಂತ ಹೇಳು, ಸಾಕು."

ನಮ್ಮ ಭಾಷೆ ಗೊತ್ತಿಲ್ಲದ ಕೊರಿಯಾದವನು ಸಂಜೆ ಮೆಸೇಜು ಕಳಿಸಿದ: ನಿಮ್ಮನ್ನು ನೋಡಿ ನಿಮ್ಮಣ್ಣನಿಗೆ ತುಂಬಾ ಸಂತೋಷವಾಯಿತು.

ಅದಾಗಿ ಒಂಬತ್ತನೇ ದಿನ ಅಣ್ಣ ತೀರಿಕೊಂಡ. ಕಫೀಲನ್ನೂ, ನನ್ನ ಪಾಸ್‌ಪೋರ್ಟನ್ನೂ, ಇಟಲಿಯ ಕಾನೂನನ್ನೂ ಬಾಯಿಗೆ ಬಂದಂತೆ ಬೈದಿದ್ದೇನೆ. ಆದರೆ ಅವನು ಕರೆದ ದಿನವೇ ಅರ್ಜಿ ಹಾಕಿದ್ದರೆ ವೀಸಾ ಆಗುತ್ತಿತ್ತು ಎನ್ನುವುದು ನನ್ನಷ್ಟು ಚೆನ್ನಾಗಿ ಗೊತ್ತಿರುವವರು ಈ ಕುವೈತಿನಲ್ಲಿ ಇನ್ನೊಬ್ಬರಿಲ್ಲ. ಅಣ್ಣ ಅಂದದ್ದನ್ನು ಸುಳ್ಳು ಎನ್ನಲು ನನಗೆ ಇವತ್ತಿಗೂ ಆಗಿಲ್ಲ.