ಕೋಟೆಯ ಹುಡುಗಿಗೆ ಕಟ್ಟಿದ ಬುತ್ತಿ

ಬಿತ್ತುವ ಶೇಂಗಾವನ್ನು ಮನೆಯಲ್ಲೇ ಕೈಯಿಂದ ಸುಲಿಯುತ್ತಿದ್ದ ಆ ದಿನಗಳಲ್ಲಿ ಬೇಸಿಗೆ ರಜೆ ಎಂದರೆ ನನಗೆ ಹರ್ತಿಯ ಅಜ್ಜಿಯ ಮನೆ. ಯಂತ್ರಕ್ಕೆ ಹಾಕಿದರೆ ಕಾಳು ಒಡೆಯುತ್ತದೆಂದು ಅಜ್ಜಿ ಮತ್ತು ಪಕ್ಕದ ಮನೆಯ ಮಾಬೂಬಿ ಚಿಗವ್ವ ಮಧ್ಯಾಹ್ನವೆಲ್ಲ ಪಡಸಾಲೆಯಲ್ಲಿ ಸುಲಿಯುತ್ತ ಕೂರುತ್ತಿದ್ದರು. ಹೊಟ್ಟಿನ ಧೂಳಿಗೆ ಮೂಗು ಕೆರೆಯುತ್ತಿತ್ತು. ನನ್ನ ಎಳೆ ಬೆರಳಿಗೆ ಸುಲಿಯಲು ಆಗುತ್ತಿರಲಿಲ್ಲ. ನನ್ನ ಕೆಲಸ ಓದಿ ಹೇಳುವುದು.

ಒಂದು ರಜೆಯಲ್ಲಿ ಸೋದರಮಾವ ಗದಗಿನಿಂದ ಮೂರು ಭಾಗದ ಮಾಯಾಲೋಕದ ಕಾದಂಬರಿಯನ್ನು ವಾರಕ್ಕೊಂದು ಭಾಗದಂತೆ ತಂದುಕೊಡುತ್ತಿದ್ದ. ಮೊದಲ ಭಾಗದಲ್ಲಿ ತಾರಾ ಎಂಬ ಹುಡುಗಿ ರೆಕ್ಕೆಯ ಹಾವಿನ ಮೇಲೆ ಊರೂರು ಹಾರಿ, ಕೊನೆಗೆ ಕೋಟೆಯೊಂದರಲ್ಲಿ ಸೆರೆಯಾದಳು. ಆ ವಾರ ಚಿಗವ್ವನ ಚಹಾ ಆರಿ ತಣ್ಣಗಾಗುತ್ತಿತ್ತು. ನನ್ನ ಕಾಲಂತೂ ನೆಲದ ಮೇಲಿರಲಿಲ್ಲ.

ಎರಡನೆಯ ಭಾಗದಲ್ಲಿ ತಾರಾ ಕೋಟೆ ಬಿಟ್ಟು ಕದಲಲೇ ಇಲ್ಲ. ಪುಟ ತಿರುವಿದಷ್ಟೂ ಮುದಿ ಮಂತ್ರಿಗಳ ಮಾತು, ಅವರ ಅಜ್ಜ ಮುತ್ತಜ್ಜರ ಪುರಾಣ. ಅಜ್ಜಿ ತೂಕಡಿಸಿದಳು. ಚಿಗವ್ವ ಮೊರ ಎತ್ತಿಕೊಂಡು ಎದ್ದೇಬಿಟ್ಟಳು.

"ನಾಳಿಂದ ನಮ್ಮ ಮನ್ಯಾಗ ಸುಲೀತೀನಿ ಬಿಡ್ರಿ ಅತ್ತಿ. ಆ ಹುಡುಗಿ ಹೊಂಡೂದಿಲ್ಲ, ನಮ್ಮ ಕೆಲಸಾನೂ ಸಾಗೂದಿಲ್ಲ."

ನನಗೆ ಅಳು ಬಂತು. ಓದುವುದು ನಿಂತರೆ ಆ ಪಡಸಾಲೆಯಲ್ಲಿ ದೊಡ್ಡವರ ನಡುವೆ ನನಗೆ ಜಾಗವೇ ಇರಲಿಲ್ಲ.

ಅಜ್ಜಿ ಕಣ್ಣು ತೆರೆದಳು. "ಪುಸ್ತಕ ಮುಚ್ಚವಾ. ಅವರು ಹೊಂಡಸದಿದ್ರ ನಾವ ಹೊಂಡಸೂಣು. ನೀ ಕುಂದ್ರ ಮಾಬೂಬಿ."

ನಮ್ಮಲ್ಲಿ ಯಾರನ್ನಾದರೂ ಹೊರಡಿಸುವುದೆಂದರೆ ಮೊದಲು ಬುತ್ತಿ ಕಟ್ಟಬೇಕು. ಕಡಕ್ ರೊಟ್ಟಿಯೋ, ಮೆತ್ತನೆಯದೋ ಎಂಬ ಮಾತಿನಲ್ಲೇ ಒಂದು ಮಧ್ಯಾಹ್ನ ಹೋಯಿತು.

"ಹಾವಿನ ಮ್ಯಾಲೆ ಹಾರಾಕಿ ಆಕಿ. ಗಾಳಿಗೆ ಕಡಕ್ ರೊಟ್ಟಿ ಪುಡಿ ಆಗ್ತಾವ್ರಿ," ಎಂಬುದು ಚಿಗವ್ವನ ವಾದ.

ಚಿಗವ್ವನೇ ಗೆದ್ದಳು. ರೊಟ್ಟಿಗೆ ಗುರೆಳ್ಳು ಚಟ್ನಿ, ಹಾವಿಗೆ ಶೇಂಗಾ ಉಂಡಿ. ನನ್ನ ಪಾಲಿಗೆ ಬಂದವನು ಬಾಗಿಲ ಕಾವಲುಗಾರ. ಅವನಿಗೂ ಹಸಿವಾಗಿತ್ತು ಎಂದೆ ನಾನು. ತಾರಾ ಅವನಿಗೆ ಎರಡು ರೊಟ್ಟಿ ಕೊಟ್ಟಳು, ಉಂಡು ಅವನು ಅಗಳಿ ತೆಗೆದ. ಸುಲಿಯುತ್ತ ಸುಲಿಯುತ್ತ ಚೀಲದ ಶೇಂಗಾ ತಳ ಕಂಡದ್ದು ಯಾರಿಗೂ ಗೊತ್ತಾಗಲಿಲ್ಲ.

ಮೂರನೆಯ ಭಾಗದಲ್ಲಿ ತಾರಾ ಸುರಂಗದಿಂದ ಪಾರಾದಳೆಂದು ಬರೆದಿತ್ತು. ಚಿಗವ್ವ ಕೈ ಅಡ್ಡ ಹಿಡಿದಳು. "ಬರದಾವಗ ಖಬರ ಇಲ್ಲ. ನೀ ಮುಂದ ಓದು."

ಈಗ ಬೀಜ ಸುಲಿದೇ ಬರುತ್ತದೆ. ಅಜ್ಜಿಯೂ ಇಲ್ಲ, ಚಿಗವ್ವನೂ ಇಲ್ಲ. ಆ ಎರಡನೆಯ ಭಾಗ ಚೆನ್ನಾಗಿದ್ದಿದ್ದರೆ ನಾನು ಓದುತ್ತಲೇ ಇರುತ್ತಿದ್ದೆ, ಅವರಿಬ್ಬರೂ ಬಾಯಿ ತೆರೆಯುತ್ತಲೇ ಇರಲಿಲ್ಲ. ಬರೆದವನಿಗೆ ನಾನು ಋಣಿ.

ತಾರಾಳ ಕಥೆಯನ್ನು ನನ್ನ ಬಾಯಿಂದಲೇ ಕೇಳಿ ಬೆಳೆದ ಮಗಳು ಮೊನ್ನೆ ಮೂರನ್ನೂ ಓದಿ ಮುಗಿಸಿ, ಎರಡನೆಯದನ್ನು ಮತ್ತೆ ತಿರುವಿ ಹಾಕುತ್ತಿದ್ದಳು.

"ಅವ್ವಾ, ಕಾವಲುಗಾರ ರೊಟ್ಟಿ ಉಣ್ಣೂದು ಎಲ್ಲೈತಿ?"

"ಹರ್ತಿ ಪಡಸಾಲ್ಯಾಗ ಇತ್ತವಾ," ಎಂದೆ.