ಬೊಂಬಾಯಿ ಹತ್ತಿರ, ಚನ್ನರಾಯಪಟ್ಟಣ ದೂರ

ಬೆಂಗಳೂರಿನಿಂದ ಬೊಂಬಾಯಿಗೆ ವಿಮಾನದಲ್ಲಿ ಮೂರೂವರೆ ಗಂಟೆ. ಈ ಮಾತನ್ನು ನಮ್ಮ ಸೋದರಮಾವ ಆ ತಿಂಗಳು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಅವರು ವಿಮಾನ ಹತ್ತಿದವರಲ್ಲ. ನಮ್ಮ ಹೊಳೆನರಸೀಪುರದಲ್ಲಿ ಹತ್ತಿದವರು ಯಾರೂ ಇರಲಿಲ್ಲ. ಪತ್ರಿಕೆಯಲ್ಲಿ ಓದಿದ್ದರು, ಅಷ್ಟೆ. ಬೊಂಬಾಯಿಯಲ್ಲಿ ನೌಕರಿಯಲ್ಲಿದ್ದ ಒಬ್ಬ ವರ ನನಗಾಗಿ ಅವರ ಮನಸ್ಸಿಗೆ ಬಂದಿದ್ದ.

"ಬೆಳಿಗ್ಗೆ ತಿಂಡಿ ಬೆಂಗಳೂರಲ್ಲಿ, ಮಧ್ಯಾಹ್ನ ಊಟ ಬೊಂಬಾಯಲ್ಲಿ. ಇದೂ ಒಂದು ದೂರವೇ?"

ಅದೇ ವಾರ ಚನ್ನರಾಯಪಟ್ಟಣದ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಉಪಾಧ್ಯಾಯಿನಿಯ ಕೆಲಸವಾಯಿತು. ಸೋಮವಾರ ಬೆಳಿಗ್ಗೆ ಹಾಜರಾಗದಿದ್ದರೆ ಕೆಲಸ ಬೇರೆಯವರಿಗೆ. ಹಾದಿ ಇಪ್ಪತ್ತು ಮೈಲಿಯ ಮೇಲೆ ಸ್ವಲ್ಪ.

"ಅಷ್ಟು ದೂರ ಹೆಣ್ಣು ಹುಡುಗಿ ಒಬ್ಬಳೇ?" ಎಂದರು ಮಾವ.

ಮೈಸೂರಿನಲ್ಲಿ ಬಿ.ಎ. ಓದಿ ಬಂದವಳು ನಾನು. ಆದರೆ ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಮಾವನದೇ ಮಾತು. ಬೇಡ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಪಂಚಾಂಗ ತೆಗೆದರು. ಶನಿವಾರ, ಸೋಮವಾರ ಪೂರ್ವಕ್ಕೆ ಶೂಲೆ, ಆ ದಿನ ಆ ದಿಕ್ಕಿಗೆ ಹೊರಡಬಾರದು. ಪೆಟ್ರೋಲ್ ಸಿಗದ ಕಾಲ. ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ದಿನ ಬಿಟ್ಟು ದಿನ ಹೊರಡುತ್ತಿತ್ತು. ಸೋಮವಾರಕ್ಕೆ ಮುಂಚೆ ನನಗೆ ಉಳಿದದ್ದು ಶನಿವಾರದ್ದೊಂದೇ.

"ಬೊಂಬಾಯಿ ಕಡೆಗೂ ಶೂಲೆ ಇರುತ್ತಲ್ಲ, ಮಾವ?"

"ವಿಮಾನ ನೆಲ ಮುಟ್ಟಲ್ಲ ಕಣಮ್ಮ. ಆಕಾಶಕ್ಕೆ ಎಂಥ ಶೂಲೆ!"



ಶುಕ್ರವಾರ ಮಧ್ಯಾಹ್ನ ಅಮ್ಮ ನನ್ನ ಹಾಸಿಗೆ ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಬೀದಿಯ ಪೂರ್ವದ ತುದಿಯ ಅಜ್ಜಿಯೊಬ್ಬರ ಮನೆಗೆ ಹೋದಳು. ಬರಿಗೈಯಲ್ಲಿ ವಾಪಸು ಬಂದಳು.

"ಪ್ರಸ್ಥಾನ ಇಟ್ಟು ಬಂದೆ, ಅಣ್ಣಯ್ಯ."

ಒಳ್ಳೆಯ ದಿನ ನೋಡಿ ಗಂಟೊಂದನ್ನು ಹೋಗುವ ದಿಕ್ಕಿನ ಮನೆಯಲ್ಲಿಟ್ಟರೆ ಪ್ರಯಾಣ ಆಗಲೇ ಶುರುವಾದಂತೆ. ಆಮೇಲೆ ಯಾವ ದಿನ ಹೊರಟರೂ ದೋಷವಿಲ್ಲ.

"ಯಾರನ್ನು ಕೇಳಿ ಇಟ್ಟೆ?"

"ನೀನು ತಿರುಪತಿಗೆ ಹೊರಟಾಗ ಛತ್ರೀನ ಅದೇ ಮನೇಲಿ ಇಟ್ಟಿರಲಿಲ್ವೇ? ಯಾರನ್ನ ಕೇಳಿದ್ದೆ?"

ಮಾವ ಪಂಚಾಂಗವನ್ನು ಮಡಿಸಿಟ್ಟರು. ಇಟ್ಟ ಗಂಟನ್ನು ಹಿಂದಕ್ಕೆ ತರುವುದು ಅಪಶಕುನ; ಅದನ್ನು ನಮಗೆಲ್ಲ ಕಲಿಸಿದವರೇ ಅವರು.

ಶನಿವಾರ ಬಸ್ಸಿನ ಒಲೆ ಹೊತ್ತಿಕೊಳ್ಳುವುದರಲ್ಲೇ ಬಿಸಿಲೇರಿತು. ಒಂದೊಂದು ಏರಿಗೂ ಕಂಡಕ್ಟರನದು ಒಂದೇ ಮಂತ್ರ: "ಇಳ್ದುಬುಡಿ, ಎಲ್ರೂ ಇಳ್ದುಬುಡಿ. ದಿಣ್ಣೆ ಅತ್ತಕಿಲ್ಲ." ಗಂಡಸರು ನೂಕಿದರು. ನಾವು ಹೆಂಗಸರು ಹೊಗೆ ಕುಡಿಯುತ್ತ ಹಿಂದೆ ನಡೆದೆವು.

"ಇನ್ನೆಷ್ಟು ದೂರ?" ಎಂದು ಕೇಳಿದೆ.

"ಇಲ್ಲೇ ಕಣವ್ವಾ, ಒಂದು ಬೀಡಿ ದೂರ."

"ಯಾರ ಬೀಡಿ ಲಾ, ನಿಂದಾ?" ಎಂದ ನೂಕುತ್ತಿದ್ದವನೊಬ್ಬ. "ಬೆಳಗ್ಗೆಯಿಂದ ಅದು ಆರೇ ಇಲ್ಲ!"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಈ ಹೊತ್ತಿಗೆ ಬೊಂಬಾಯಿಯಲ್ಲಿ ಊಟ ಮುಗಿದು ಎಲೆ ಎತ್ತಿರುತ್ತಿತ್ತು ಎಂದು ಮನಸ್ಸು ತಾನಾಗಿ ಲೆಕ್ಕ ಹಾಕಿತು. ಮಾವನ ಲೆಕ್ಕ ನನಗೂ ಅಂಟಿತ್ತೆಂದು ಮೈಯೆಲ್ಲ ಉರಿಯಿತು.

ದೀಪ ಹಚ್ಚುವ ಹೊತ್ತಿಗೆ ಮುಖ್ಯೋಪಾಧ್ಯಾಯಿನಿಯವರ ಮನೆ ತಲುಪಿದೆ.

"ಹೊಳೆನರಸೀಪುರವೇ? ಇಲ್ಲೇ ಹತ್ತಿರ, ಬಿಡಿ. ವಾರವಾರ ಊರಿಗೆ ಹೋಗಿಬರಬಹುದು."

ಮೂಗಿನ ಮಸಿ ಒರೆಸಿಕೊಳ್ಳುತ್ತ "ಹೌದು" ಎಂದೆ. ಸೋಮವಾರ ಗಂಟೆ ಹೊಡೆಯುವ ಮೊದಲೇ ತರಗತಿಯಲ್ಲಿದ್ದೆ. ದಸರೆಯವರೆಗೆ ಊರಿನ ಕಡೆ ತಲೆ ಹಾಕಲಿಲ್ಲ.